ಅರ್ಧ ಮೂಟೆ ಉಪ್ಪು

ಆಷಾಢದ ಗಾಳಿಗೆ ಶಾಮಿಯಾನ ಪಟಪಟ ಬಡಿಯುತ್ತಿತ್ತು. ನಜರ್‌ಬಾದಿನ ಮನೆಯ ಪಡಸಾಲೆಯಲ್ಲಿ ತೀರಿಕೊಂಡ ಶಿವಮಲ್ಲಪ್ಪನವರನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ವಿಭೂತಿ ಬಳಿಯುತ್ತಿದ್ದರು. ಪ್ರೇಮಲೀಲಾ ಗಂಡನ ಕೊರಳಿನ ಹೂ ಸರಿಮಾಡುತ್ತಲೇ ಮೂಲೆಯ ಗಾಜಿನ ತೊಟ್ಟಿಯತ್ತ ನೋಡಿದಳು. ಒಂಬತ್ತು ದಿನ ಆಸ್ಪತ್ರೆಯಲ್ಲೇ ಕಳೆದಿದ್ದರಿಂದ ನೀರು ಬದಲಾಯಿಸುವವರಿರಲಿಲ್ಲ. ಮಬ್ಬು ಹಿಡಿದ ನೀರು ಗಾಜಿನ ಮೇಲೆ ಗಂಡ ಎಳೆದಿದ್ದ ಕೆಂಪು ಗೆರೆಗಿಂತ ಎರಡು ಬೆರಳು ಕೆಳಗಿಳಿದಿತ್ತು. ಇವತ್ತೂ ಬಿಟ್ಟರೆ ಒಳಗಿರುವವು ಉಳಿಯುವಂತಿರಲಿಲ್ಲ.

“ಇವತ್ತೂ ಆ ಹುಳದ ತೊಟ್ಟೀನೇ ನೋಡ್ತಿದ್ದೀಯಲ್ಲ ಪ್ರೇಮಾ,” ಎಂದರು ಗಂಡನ ಅಕ್ಕ ಪುಟ್ಟಬಸಮ್ಮ.

“ಹುಳ ಅಲ್ಲ ಅತ್ತಿಗೆ, ನಕ್ಷತ್ರಮೀನು.”

“ಎಂಥದೋ. ಪಂಪ್‌ಹೌಸಲ್ಲಿ ಮೂವತ್ತು ವರ್ಷ ಊರಿಗೆಲ್ಲ ಸಿಹಿನೀರು ಬುಟ್ಟ ನನ್ ತಮ್ಮ. ಮನೇಲಿ ಮಾತ್ರ ಉಪ್ಪುನೀರು!”

ಅಳುತ್ತಿದ್ದವರೂ ನಕ್ಕುಬಿಟ್ಟರು.

*

ಆ ನಕ್ಷತ್ರಮೀನುಗಳನ್ನು ಯಾರೂ ಬೇಕೆಂದು ತಂದದ್ದಲ್ಲ. ನಿವೃತ್ತಿಯಾದ ವರ್ಷ ಶಿವಮಲ್ಲಪ್ಪ ತೊಟ್ಟಿ ಕೊಂಡು, ಮದ್ರಾಸಿನಿಂದ ಸಮುದ್ರದ ಕಲ್ಲು ತರಿಸಿದಾಗ ಅದಕ್ಕೆ ಅಂಟಿಕೊಂಡು ಬಂದಿದ್ದವು. ಕಿರುಬೆರಳ ಉಗುರಿನಷ್ಟು, ಬೂದಿ ಬಣ್ಣ, ಒಂದು ಕಾಲು ಉದ್ದ, ಒಂದು ಗಿಡ್ಡ. ಹವಳ ತಿನ್ನುತ್ತವೆ, ಕಿತ್ತೆಸೆಯಿರಿ ಎಂದಿದ್ದ ಅಂಗಡಿಯವನು.

“ಕರೀದೇನೆ ಬಂದವೆ. ಇರ್ಲಿ ಬುಡು,” ಎಂದಿದ್ದರು ಇವರು.

ಒಮ್ಮೆ ಅವರು ಊರಿಗೆ ಹೋಗಿದ್ದಾಗ, ಗಾಜು ಉಜ್ಜಿ ಚೊಕ್ಕ ಮಾಡೋಣವೆಂದು ಪ್ರೇಮಲೀಲಾ ಹನ್ನೊಂದನ್ನು ಬಿಡಿಸಿ, ನಲ್ಲಿ ನೀರಿನ ಬೋಗುಣಿಗೆ ಹಾಕಿದ್ದಳು. ಯಾವ ನೀರಾದರೇನು ಎಂದುಕೊಂಡಿದ್ದಳು. ಸಂಜೆಗೆ ಹನ್ನೊಂದೂ ಮುದುಡಿ ತಳಕ್ಕೆ ಬಿದ್ದಿದ್ದವು. ಶಿವಮಲ್ಲಪ್ಪ ಬೈಯಲಿಲ್ಲ. ಬೋಗುಣಿಯನ್ನು ದಾಸವಾಳದ ಬುಡಕ್ಕೆ ಬಗ್ಗಿಸಿ, “ಉಪ್ಪಿಲ್ದೆ ಎಂಗೆ ಬದುಕ್ತವೆ ಲೀಲಾ?” ಎಂದಷ್ಟೇ ಕೇಳಿದ್ದರು. ಬೈದಿದ್ದರೆ ಅಂದಿಗೇ ತೀರಿಹೋಗುತ್ತಿತ್ತು.

*

ರುದ್ರಭೂಮಿಯ ಗುಂಡಿಯೊಳಗೆ ಅವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಹಾಕಿದ್ದಾಯಿತು. “ಉಪ್ಪು ತನ್ನಿ,” ಎಂದರು ಮಠದ ಅಯ್ಯನವರು. ಪ್ರೇಮಲೀಲಾಳ ತಮ್ಮ ಅಮರೇಶ್ ಮೂಟೆಯೊಂದನ್ನು ಇಳಿಸಿ ಬಾಯಿ ಬಿಚ್ಚಿದ. ಮೂಟೆಯ ಮೇಲೆ ನೀಲಿ ಮೀನಿನ ಚಿತ್ರವಿತ್ತು.

“ಇದನ್ನೆಲ್ಲಿಂದ ತಂದ್ಯೋ?” ಎಂದಳು ಪ್ರೇಮಲೀಲಾ.

“ತೊಟ್ಟಿ ಪಕ್ಕದಲ್ಲೇ ಇತ್ತಲ್ಲಕ್ಕ. ಉಪ್ಪು ತಾನೆ? ಭಾವಂದು ಭಾವಂಗೇ ಆಗ್ಲಿ ಅಂತ ಎತ್ಕೊಂಬಂದೆ.”

“ತೊಟ್ಟಿಗೆ ಇದೇ ಆಗ್ಬೇಕು ಕಣೋ. ಅಡುಗೆ ಉಪ್ಪು ಆಗಲ್ಲ. ಅಂಗಡೀಲಿ ಇನ್ನು ಮುಂದಿನ ತಿಂಗಳೇ ಬರೋದು.”

“ಗುಂಡಿಗೆ ಅಂತ ತಂದಿದ್ದನ್ನ ಯಾರಾದ್ರೂ ವಾಪಸ್ ಒಯ್ತಾರೇನೇ?” ಪುಟ್ಟಬಸಮ್ಮ ಗದರಿದರು.

ಅಮರೇಶ್ ಇಬ್ಬರ ಮುಖವನ್ನೂ ನೋಡಿ ಸುರಿಯತೊಡಗಿದ. ಉಪ್ಪು ಮಂಡಿ ಮುಚ್ಚಿತು. ಮಡಿಲು ತುಂಬುವ ಹೊತ್ತಿಗೆ ಪ್ರೇಮಲೀಲಾ ಮೂಟೆಯ ಬಾಯನ್ನು ಗಟ್ಟಿಯಾಗಿ ಹಿಡಿದಳು.

“ಸಾಕು. ಮಿಕ್ಕಿದ್ದು ಮನೇಗೆ.”

ಪುಟ್ಟಬಸಮ್ಮ ಅಯ್ಯನವರತ್ತ ತಿರುಗಿದರು. ಅಯ್ಯನವರು ಗುಂಡಿಯನ್ನು ನೋಡಿದರು, ಪ್ರೇಮಲೀಲಾಳ ಕೈಯನ್ನು ನೋಡಿದರು. “ಮಣ್ಣು ಬೇಕಾದಷ್ಟಿದೆ ತಾಯಿ. ಒಯ್ಯಲಿ ಬಿಡಿ.”

*

ಮನೆಗೆ ಬಂದವಳು ತೊಟ್ಟಿಯ ಹಳೆಯ ನೀರನ್ನು ಬಕೆಟ್ಟಿಗೆ ತೆಗೆದಳು. ಬೇರೊಂದು ಬಕೆಟ್ಟಿನಲ್ಲಿ ಉಪ್ಪು ಕದಡಿ, ಒಂದು ಹರಳೂ ಉಳಿಯದೆ ಕರಗುವವರೆಗೆ ಕಾದಳು. ಆಮೇಲೆ ಗಂಡನ ಚೊಂಬಿನಿಂದಲೇ ತೊಟ್ಟಿಗೆ ಹೊಯ್ಯತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಪುಟ್ಟಬಸಮ್ಮ ಬಂದು ಬಕೆಟ್ಟನ್ನು ಹತ್ತಿರಕ್ಕೆ ಸರಿಸಿಕೊಟ್ಟರು.

ಗಾಜಿಗೆ ಅಂಟಿಕೊಂಡು ಒಂದು ನಕ್ಷತ್ರಮೀನಿತ್ತು. ನಡುವೆ ಹರಿದುಹೋಗಿ ಮೂರೇ ಕಾಲು. ಹರಿದ ಅಂಚಿನಲ್ಲಿ ಅಕ್ಕಿನುಚ್ಚಿನಂಥ ಎರಡು ಬಿಳಿ ಮೊಳಕೆ, ಹೊಸ ಕಾಲುಗಳು. ನೀರು ಕೆಂಪು ಗೆರೆಗೆ ಏರುತ್ತಿದ್ದಂತೆ, ಅದೂ ಗಾಜು ಹಿಡಿದು ಮೇಲಕ್ಕೆ ಹತ್ತುತ್ತಿತ್ತು.