ಎದೆಯ ಮಟ್ಟದಲ್ಲಿ ಮೈಕು

ಗಿರಣಿಯವರು ಕಿವಿ ಹೋದವರನ್ನು ಕೆಲಸದಿಂದ ತೆಗೆದರು. ಕಿವಿ ಹೋದದ್ದು ಅದೇ ಗಿರಣಿಯ ಮಗ್ಗಗಳ ಸದ್ದಿಗೆ.

ಔಷಧದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬೆನ್ನ ಹಿಂದೆ ಗಂಟೆ ಅಲ್ಲಾಡಿಸಿದರು. ತಿರುಗಿ ನೋಡಿದವರು ಒಳಗೆ, ನೋಡದವರು ಹೊರಗೆ. ಬೆಂಕಿಯ ಸೈರನ್ ಕೇಳಿಸದವರು ಮಗ್ಗದ ಮುಂದೆ ಇರುವುದು ಅಪಾಯವಂತೆ. ಮಗ್ಗಗಳು ಓಡುವಾಗ ಆ ಸೈರನ್ ಒಳ್ಳೆಯ ಕಿವಿಗೂ ಕೇಳಿಸುವುದಿಲ್ಲ ಎಂಬುದು ಮ್ಯಾನೇಜರಿಗೂ ಗೊತ್ತಿತ್ತು. ಹೊರಗೆ ಬಿದ್ದವರಲ್ಲಿ ಮಗ್ಗದ ಶೆಡ್ಡಿನಲ್ಲೇ ದುಡಿಯುವ ಬಾಯಕ್ಕನ ಅತ್ತೆಯೂ ಒಬ್ಬಳು. ಶೆಡ್ಡು ಅವತ್ತೇ ನಿಂತಿತು. ತೆಗೆದವರನ್ನು ವಾಪಸ್ ಕರೆಯುವ ತನಕ ಯಾರೂ ಲಾಳಿ ಮುಟ್ಟುವುದಿಲ್ಲ ಎಂದು ಗೇಟಿನ ಮುಂದೆ ನಿಂತು ಹೇಳಿದವಳು ಬಾಯಕ್ಕನೇ.

ಹೇಳಿ ಬಹಳ ದಿನವಾಗಿತ್ತು. ಈಗ ಅವಳ ಗಂಟಲಲ್ಲಿ ಪಸೆಯಿರಲಿಲ್ಲ, ಕಾಲಲ್ಲಿ ಕಸುವಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಯೂನಿಯನ್ ಕೋಣೆಗೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು ಬಂತು. ಒಳಗೆ ಪೋಸ್ಟರಿನ ಅಂಟು ಹಳಸಿದ ವಾಸನೆ. ಕಾರ್ಯದರ್ಶಿ ಒಬ್ಬರೇ ಕೂತಿದ್ದರು. ಅವರು ಪಾಠ ಹೇಳುವ ಕೆಲಸ ಮಾಡಿದವರಲ್ಲ. ಹಿಂದೊಮ್ಮೆ ಇದೇ ಕೋಣೆಯಲ್ಲಿ ಮಗ್ಗದವರನ್ನು ಸುತ್ತ ಕೂರಿಸಿಕೊಂಡು ಪುಸ್ತಕ ಓದಿಸುತ್ತಿದ್ದರೆಂದು ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು.

"ಕೂತ್ಕೋ."

"ಕೂತ್ರೆ ಏಳೋಕಾಗಲ್ಲ ಮೇಷ್ಟ್ರೇ. ನಿಂತೇ ಕೇಳಿಸ್ಕೋತೀನಿ."

"ಒಪ್ಪಂದ ಆಯ್ತು. ಕಿವಿ ಇರೋರೆಲ್ಲ ಸೋಮವಾರ ಒಳಗೆ ಹೋಗಬಹುದು. ಮುಷ್ಕರ ಮಾಡಿದ್ದಕ್ಕೆ ಯಾರಿಗೂ ಶಿಕ್ಷೆ ಇಲ್ಲ."

"ಕಿವಿ ಇಲ್ಲದೋರು?"

"ಅವರ ವಿಷಯ ಮುಂದೆ ನೋಡೋಣ ಅಂದಿದ್ದಾರೆ."

"ಮುಂದೆ ಅಂದ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮುಂದೆ ಅಂದ್ರೆ ಇಲ್ಲ ಅಂತ. ನಿನಗೇನು ಬಿಡಿಸಿ ಹೇಳ್ಬೇಕಾ."

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನನ್ನ ಮೇಲೆ ರೇಗ್ಬೇಡ," ಎಂದರು ಮೇಷ್ಟ್ರು. "ನಾನು ಮಾರ್ಕೊಂಡಿಲ್ಲ. ಸೋತಿದ್ದೀನಿ. ಎರಡೂ ಬೇರೆ ಬೇರೆ."

"ಗೊತ್ತು."

"ನಾಳೆ ಗೇಟ್ ಮೀಟಿಂಗಲ್ಲಿ ನೀನು ಹೇಳಿದ್ರೆ ಎಲ್ಲರೂ ಕೈ ಎತ್ತುತಾರೆ. ನಾನು ಹೇಳಿದ್ರೆ ಕಲ್ಲು ಎತ್ತುತಾರೆ."

"ಮುಂದಿನ ಸಾಲಲ್ಲಿ ಕೂರೋರು ಕಿವಿ ಹೋದೋರೇ ಅಲ್ವಾ? 'ನಿಮ್ಮನ್ನ ಬಿಟ್ಟು ಹೋಗ್ತೀವಿ' ಅಂತ ಅವರ ಮುಖ ನೋಡ್ಕೊಂಡು ಹೇಳ್ಲಾ?"

ಮೇಷ್ಟ್ರು ಮೇಜಿನ ಮೇಲಿದ್ದ ಮೈಕನ್ನು ಅವಳ ಕಡೆ ಸರಿಸಿದರು. ದೊಡ್ಡ ತಲೆಯ, ಕಪ್ಪು ಸ್ಪಂಜಿನ ಟೋಪಿ ಹಾಕಿದ ಮೈಕು. "ನಾಳೆ ಇದನ್ನ ಬಾಯಿಗೆ ಹತ್ತಿರ ಹಿಡ್ಕೊಂಡು ಮಾತಾಡು. ಅಷ್ಟೇ ನಾನು ಕೇಳ್ತಿರೋದು."

ಬಾಯಕ್ಕನಿಗೆ ಅರ್ಥವಾಯಿತು. ನಿಂತೇ ಇರುತ್ತೇನೆಂದವಳು ಕೂತುಬಿಟ್ಟಳು.

ಮಗ್ಗದ ಶೆಡ್ಡಿನಲ್ಲಿ ಮಾತು ಕಿವಿಯಿಂದ ನಡೆಯುವುದಿಲ್ಲ, ಕಣ್ಣಿನಿಂದ ನಡೆಯುತ್ತದೆ. ಆ ಸದ್ದಿನಲ್ಲಿ ಕಿರುಚಿದರೂ ಪಕ್ಕದವಳಿಗೆ ಕೇಳದು. ಹಾಗಾಗಿ ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲ ಮಾಡಿ, ಚಿಕ್ಕ ಚಿಕ್ಕ ಮಾತಲ್ಲಿ ಹೇಳಬೇಕು. ಅರ್ಥವಾದರೆ ಎದುರಿನವಳು ಒಂದು ಬೆರಳು ಎತ್ತುತ್ತಾಳೆ. ಬೆರಳು ಏಳುವ ತನಕ ಮುಂದಿನ ಮಾತಿಲ್ಲ. ಹೊಸದಾಗಿ ಸೊಸೆಯಾಗಿ ಬಂದು ಮಗ್ಗಕ್ಕೆ ನಿಂತವಳಿಗೆ ಇದನ್ನು ಕಲಿಸಿದವಳು ಅತ್ತೆ. ಗೇಟಿನ ಮುಂದೆ ಮಾತಾಡಲು ಶುರುಮಾಡಿದ ಮೇಲೂ ಬಾಯಕ್ಕ ಆ ಪದ್ಧತಿ ಬಿಡಲಿಲ್ಲ. ಮೈಕು ಎದೆಯ ಮಟ್ಟದಲ್ಲಿ, ಬಾಯಿ ಎಲ್ಲರಿಗೂ ಕಾಣುವಂತೆ. ಕಿವಿ ಹೋದವರು ಮುಂದಿನ ಸಾಲಿನಲ್ಲಿ. ಅವರ ಬೆರಳುಗಳು ಎದ್ದ ಮೇಲೆಯೇ ಇನ್ನೊಂದು ಮಾತು.

ಎಲ್ಲಿ ದನಿ ಇಳಿಸಬೇಕು, ಎಲ್ಲಿ ತಡೆಯಬೇಕು, ಹಿಂದಿನ ಸಾಲನ್ನು ಹೇಗೆ ನೋಡಬೇಕು ಎಂದೆಲ್ಲ ಮೇಷ್ಟ್ರು ಪುಸ್ತಕ ಬಿಚ್ಚಿ ಕಲಿಸಿದ್ದರು. ಅದೂ ಉಪಯೋಗಕ್ಕೆ ಬಂದಿತ್ತು. ಆದರೆ ಜನ ಅವಳನ್ನು ನಂಬಿದ್ದು ದನಿಗಲ್ಲ. ಒಬ್ಬರಿಗೆ ತಲುಪಿದ್ದು ಇನ್ನೊಬ್ಬರಿಗೆ ತಲುಪದೆ ಅವಳು ಮುಂದಕ್ಕೆ ಹೋಗುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

"ಮೈಕಲ್ಲಿ ಬಾಯಿ ಮುಚ್ಚಿದ್ರೆ ಅವರಿಗೆ ಗೊತ್ತಾಗಲ್ಲ," ಎಂದಳು ಬಾಯಕ್ಕ ಮೆಲ್ಲಗೆ. "ಸುತ್ತಲಿನೋರು ಕೈ ಎತ್ತಿದ್ದು ನೋಡಿ ಅವರೂ ಎತ್ತುತಾರೆ."

"ಸರ್ವಾನುಮತ ಅಂತ ಆಗುತ್ತೆ. ಗಲಾಟೆ ಇರಲ್ಲ, ಪೊಲೀಸರು ಬರಲ್ಲ, ಯಾರ ತಲೆಯೂ ಒಡೆಯಲ್ಲ." ಮೇಷ್ಟ್ರ ದನಿಯಲ್ಲಿ ಒತ್ತಾಯವಿರಲಿಲ್ಲ, ಬರೀ ಸುಸ್ತು. "ನಿಮ್ಮ ಅತ್ತೆಗೆ ಬಟ್ಟೆ ಮಡಿಸೋ ಕೋಣೇಲಿ ಜಾಗ ಮಾಡ್ತಾರಂತೆ. ನಾನೇ ಕೇಳಿ ಇಟ್ಟಿದ್ದೀನಿ."

ಬಾಯಕ್ಕ ಮೈಕನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಮೆಟ್ಟಿಲಿಳಿದು ಬಂದಳು.

ಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದಳು. ಬಾಯಕ್ಕನ ಗಂಡ ಲಾರಿಯ ಮೇಲೆ ಊರೂರು ಅಲೆಯುವವನು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಅತ್ತೆ ಸೊಸೆ ಜಗಳವಾಡದ ಮನೆ ಎಂದು ಓಣಿಯವರು ಹೇಳಿದರೆ ಅತ್ತೆ, "ಅವಳು ಬೈದಿದ್ದು ನನಗೆ ಕೇಳಿಸಲ್ಲ, ನಾನು ಬೈದಿದ್ದು ಅವಳು ಕಿವಿಗೆ ಹಾಕ್ಕೊಳ್ಳಲ್ಲ," ಎನ್ನುತ್ತಿದ್ದಳು.

ಬಾಯಕ್ಕ ಒಲೆ ಹೊತ್ತಿಸುತ್ತ, ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು: "ಬಟ್ಟೆ ಮಡಿಸೋ ಕೋಣೇಲಿ ನಿಮಗೆ ಕೆಲಸ ಕೊಡ್ತಾರಂತೆ."

ಅತ್ತೆ ಎದ್ದು ಬಂದು ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. "ಏನೋ ಅಂದೆ. ಕೆನ್ನೆ ಅಲ್ಲಾಡಿದ್ದು ಕಾಣಿಸ್ತು. ಗೋಡೆ ಹತ್ತಿರ ಮಾತಾಡೋದು ಯಾವಾಗ ಕಲಿತೆ?"

"ಏನಿಲ್ಲ ಅತ್ತೆ. ಸಾಕಾಗಿದೆ ಅಂದೆ."

"ಸಾಕಾಗ್ದೆ ಏನು. ನನಗೂ ಸಾಕಾಗಿದೆ." ಅತ್ತೆ ಮತ್ತೆ ಸೊಪ್ಪಿನ ಮುಂದೆ ಕೂತಳು. "ಪಕ್ಕದ ಓಣಿಯವಳು ಬಂದಿದ್ಲು, ನಾಲ್ಕನೇ ಸಾಲಿನ ಮಗ್ಗದವಳು. ಅವಳಿಗೂ ಏನೂ ಕೇಳಿಸಲ್ಲ. ಭಯ ಆಗ್ತಿದೆ ಅಂದ್ಲು. ನಾಳೆ ನನ್ನ ಸೊಸೆ ಮಾತಾಡ್ತಾಳೆ, ಅವಳು ಕೈ ಎತ್ತು ಅಂದ್ರೆ ಕಣ್ಣು ಮುಚ್ಕೊಂಡು ಎತ್ತು ಅಂದೆ."

ಬಾಯಕ್ಕ ಅವತ್ತು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಳು. ಉಪ್ಪು ಕಮ್ಮಿ ಎಂದು ಅತ್ತೆ ತಾನೇ ತಪ್ಪು ಒಪ್ಪಿಕೊಂಡಳು.

ಮರುದಿನ ಗೇಟಿನ ಮುಂದೆ ಎಂದಿಗಿಂತ ಹೆಚ್ಚು ಜನ. ಯಾರೂ ಘೋಷಣೆ ಕೂಗುತ್ತಿರಲಿಲ್ಲ. ಮನೆಯಲ್ಲಿ ಡಬ್ಬಿಗಳ ತಳ ಕೆರೆದು ಬಂದ ಮುಖಗಳು. ಕಿವಿ ಇದ್ದ ಹಲವರಿಗೆ ಒಪ್ಪಂದದ ಸುದ್ದಿ ಆಗಲೇ ಮುಟ್ಟಿತ್ತು; ಅವರು ಮುಂದಿನ ಸಾಲಿನವರ ಬೆನ್ನು ನೋಡಲಾರದೆ ನೆಲ ನೋಡುತ್ತಿದ್ದರು. ಅವರನ್ನು ದೂರುವುದು ಹೇಗೆ? ಅವರ ಮಕ್ಕಳೂ ಉಣ್ಣಬೇಕು. ಮುಂದಿನ ಸಾಲಿನವರು ಮಾತ್ರ ಕತ್ತೆತ್ತಿ ಬಾಯಕ್ಕನ ತುಟಿಯನ್ನೇ ನೋಡುತ್ತ ಕೂತಿದ್ದರು. ನಡುವೆ ಅತ್ತೆ, ಅವಳ ಪಕ್ಕ ನಾಲ್ಕನೇ ಸಾಲಿನ ಮಗ್ಗದವಳು.

ಮೇಷ್ಟ್ರು ಬೆನ್ನ ಹಿಂದೆ ನಿಂತು ಮೈಕು ಕೊಟ್ಟರು. ಬಾಯಕ್ಕ ಅದನ್ನು ಬಾಯಿಗೆ ತಂದಳು. ಸ್ಪಂಜು ತುಟಿಗೆ ತಾಕಿತು.

"ಬಂಧುಗಳೇ," ಎಂದಳು. ದನಿ ದೊಡ್ಡದಾಗಿ ಗೇಟಿಗೆ ಬಡಿದು ವಾಪಸ್ ಬಂತು.

ಒಂದು ಬೆರಳೂ ಏಳಲಿಲ್ಲ.

ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾಲ್ಕನೇ ಸಾಲಿನ ಮಗ್ಗದವಳು ಕತ್ತು ಆ ಕಡೆ ಈ ಕಡೆ ಓಲಾಡಿಸಿ ಸ್ಪಂಜಿನ ಹಿಂದೆ ಇಣುಕಲು ನೋಡಿದಳು. ಅತ್ತೆ ಸಿಡುಕಲಿಲ್ಲ. ಸುಸ್ತಾದ ಸೊಸೆ ಮರೆತಿದ್ದಾಳೆ ಎಂದುಕೊಂಡವಳಂತೆ ನಕ್ಕು, ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿ ತೋರಿಸಿದಳು: ಇಳಿಸು, ಕಾಣಿಸ್ತಿಲ್ಲ.

ಬಾಯಕ್ಕ ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿದಳು.

"ಮೇಲೆ ಹಿಡಿ," ಎಂದರು ಮೇಷ್ಟ್ರು ಹಿಂದಿನಿಂದ. "ನಿನ್ನ ಅತ್ತೆ ಮುಖ ನೋಡಿಯಾದರೂ ಹಿಡಿ."

ಬಾಯಕ್ಕ ಅವರ ಕಡೆ ತಿರುಗಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ, ಶೆಡ್ಡಿನಲ್ಲಿ ಕಲಿತ ಹಾಗೆ ತುಟಿ ಅಗಲ ಮಾಡಿ, ನಿಧಾನವಾಗಿ ಹೇಳಿದಳು:

"ಬಾಯಿ ಮುಚ್ಚಿ ಮಾತಾಡು ಅಂತಿದ್ದಾರೆ. ನಿಮಗೆ ಗೊತ್ತಾಗಬಾರದು ಅಂತ."

ಅತ್ತೆಯ ನಗು ನಿಂತಿತು. ಸ್ವಲ್ಪ ಹೊತ್ತಿಗೆ ಅವಳ ಬೆರಳು ಎದ್ದಿತು. ಆಮೇಲೆ ಪಕ್ಕದವಳದು, ಆಮೇಲೆ ಸಾಲಿನುದ್ದಕ್ಕೂ. ಕೊನೆಯ ಬೆರಳು ಏಳುವ ತನಕ ಬಾಯಕ್ಕ ಕಾದಳು.

"ಹಾಗೆ ನಾನು ಮಾತಾಡಲ್ಲ," ಎಂದಳು.