ಚಕ್ರದೊಳಗಿನ ಡೊಳ್ಳುಹೊಟ್ಟೆ

ಗಾಡಿಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಒಂದು ಚಕ್ರದೊಳಗೆ ಡೊಳ್ಳುಹೊಟ್ಟೆಯ ರಾಕ್ಷಸನೊಬ್ಬ ಇದ್ದನಂತೆ. ಚಕ್ರವನ್ನು ಎಷ್ಟೇ ತಿರುಗಿಸಿದರೂ, ಸುತ್ತಿ ಸುತ್ತಿ ಸುಸ್ತಾಗಿ, ಕೊನೆಗೆ ಕೆಳಗೇ ಬಂದು ಕುಕ್ಕರಿಸುತ್ತಿದ್ದನಂತೆ. ಆಗ ಅವನ ನೆತ್ತಿಗೆ ಸರಿಯಾಗಿ, ಮೇಲುಗಡೆ, ಒಂದು ಚೂರು ಸೀಸ ಅಂಟಿಸಿಬಿಟ್ಟರೆ ಅವನ ಆಟ ಮುಗಿಯಿತಂತೆ.

ಈ ಕಥೆಯನ್ನು ಅವಳಿಗೆ ಆರು ವರ್ಷವಿದ್ದಾಗ ಹೇಳಿದ್ದು ಅಪ್ಪನೇ. ಈಗ ಅದೇ ಹಿತ್ತಲಿನಲ್ಲಿ, ಎರಡು ಸ್ಟೂಲುಗಳ ನಡುವೆ ಅವಳ ಬೈಕಿನ ಮುಂದಿನ ಚಕ್ರ ಅಚ್ಚಿನ ಮೇಲೆ ತೂಗುತ್ತಿತ್ತು. ಹೊಸ ಟೈರನ್ನು ಇಬ್ಬರೂ ಸೇರಿ ಸಾಬೂನು ನೀರು ಸವರಿ ಹತ್ತಿಸಿದ್ದರು. ಗಾಳಿ ತುಂಬುವಾಗ ಟೈರು ಢಬ್ ಎಂದು ರಿಮ್ಮಿಗೆ ಕೂತಾಗ ಅವಳು ಹೌಹಾರಿದ್ದಳು.

"ಹೆದ್ರುಪುಕ್ಲಿ!" ಎಂದು ಅಪ್ಪ ನಕ್ಕಿದ್ದ.

"ಅಂಗಡಿಗೆ ಕೊಟ್ಟಿದ್ರೆ ಅರ್ಧ ಗಂಟೆ ಕೆಲ್ಸ," ಎಂದು ಒಳಗಿನಿಂದ ಅಮ್ಮ ಗೊಣಗಿದ್ದಳು.

"ಮೂವತ್ತು ವರ್ಷ ನಾನೇ ಅಂಗಡಿ ಆಗಿದ್ದೆ ಕಣೇ! ನಾಳೆ ಬೆಳಗ್ಗೆ ಮಗಳ ಗಾಡಿ ಬೆಣ್ಣೆ ಹಂಗೆ ಓಡುತ್ತೆ, ನೋಡ್ತಿರು."

ಚಕ್ರ ತಿರುಗಿ, ತೂಗಾಡಿ, ಗಾಳಿ ತುಂಬುವ ವಾಲ್ವು ಕೆಳಗಾಗಿ ನಿಂತಿತು. ಅಪ್ಪ ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡಿನ ಹಿಂದಿನ ಕಾಗದ ಸುಲಿದು, ವಾಲ್ವಿನ ಪಕ್ಕದಲ್ಲೇ ಅಂಟಿಸಿದ.

ರಾಕ್ಷಸನ ಮಡಿಲಿಗೆ.

ತಮಾಷೆಯಿರಬೇಕು ಅಂದುಕೊಂಡಳು. ಅಪ್ಪ ಮತ್ತೆ ತಿರುಗಿಸಿದ. ಚಕ್ರ ಈ ಸಲ ಮೊದಲಿಗಿಂತ ಜೋರಾಗಿ ಕೆಳಕ್ಕೆ ಎಳೆಯಿತು. ಹುಬ್ಬು ಗಂಟಿಕ್ಕಿ, ಅಲ್ಲೇ ಇನ್ನೊಂದು ತುಂಡು ಅಂಟಿಸಿದ.

ನಾಳೆ ಬೆಳಗ್ಗೆ ಅವಳು ಕೆಲಸಕ್ಕೆ ಆಸ್ಪತ್ರೆಯ ಲ್ಯಾಬಿಗೆ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ಹೋಗಬೇಕು. ಲಾರಿಗಳ ನಡುವೆ ಈ ಚಕ್ರ ಅದುರತೊಡಗಿದರೆ? ಆದರೆ ಆ ಭಯ ಬಂದ ದಾರಿಯಲ್ಲೇ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಕಣ್ಣು ಮುಚ್ಚಿಕೊಂಡು ಈ ಕೆಲಸ ಮಾಡುತ್ತಿದ್ದ ಮನುಷ್ಯ ಇವನು. ತಪ್ಪು ಅನ್ನಲು ನಾಲಿಗೆ ಏಳಲಿಲ್ಲ.

"ಪುಟ್ಟಿ," ಅಪ್ಪ ತಲೆಯೆತ್ತದೆ, ಅಡುಗೆಮನೆಗೆ ಕೇಳಿಸದ ಹಾಗೆ ಅಂದ. "ಎಲ್ಲಿ ಅಂಟಿಸ್ಬೇಕು ಅಂತ ಕೈಗೇ ಗೊತ್ತಿರ್ತಿತ್ತು. ಈಗ ಕೈ ಏನೂ ಹೇಳ್ತಿಲ್ಲ ಕಣೇ. ಅಮ್ಮಂಗೆ ಹೇಳ್ಬೇಡ."

ಅವಳು ಚಕ್ರದ ಪಕ್ಕ ಕೂತಳು.

"ಅಪ್ಪ, ಒಂದು ಚಕ್ರದೊಳಗೆ ಡೊಳ್ಳುಹೊಟ್ಟೆ ರಾಕ್ಷಸ ಇದ್ದ," ಅಂದಳು. "ಸುತ್ತಿ ಸುತ್ತಿ..."

ಅಪ್ಪ ಅವಳ ಮುಖವನ್ನೇ ನೋಡಿದ. ಯಾರ ಮನೆಯ ಹುಡುಗಿಯೋ ಎಂಬಂತೆ ನೋಡಿದ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಈ ಕಥೆಯೂ ಮರೆತುಹೋಗಿದ್ದರೆ?

"ಸುಸ್ತಾಗಿ," ಅಂದ ಅಪ್ಪ.

"ಸುಸ್ತಾಗಿ?"

"ಕೆಳಗೆ ಬಂದು ಕೂತ." ಅವನ ಉಗುರು ತಾನಾಗಿ ಸೀಸವನ್ನು ಕೀಳತೊಡಗಿತ್ತು. "ಅವನ ನೆತ್ತಿ... ನೆತ್ತಿ..." ಬೆರಳು ರಿಮ್ಮಿನ ಅಂಚಿನುದ್ದಕ್ಕೂ ನಿಧಾನವಾಗಿ ಮೇಲೆ ಹತ್ತಿತು. ಅರ್ಧಕ್ಕೆ ನಿಂತಿತು. ಮತ್ತೆ ಹತ್ತಿತು. ತುದಿಯಲ್ಲಿ ನಿಂತು, ಕಿತ್ತ ತುಂಡನ್ನು ಒತ್ತಿತು.

ಚಕ್ರ ಸೋಮಾರಿಯಂತೆ ಸ್ವಲ್ಪವೇ ವಾಲಿತು. ಎರಡನೆಯ ತುಂಡನ್ನೂ ಕಿತ್ತು ಮೊದಲಿನದರ ಪಕ್ಕದಲ್ಲಿ ಒತ್ತಿದ. ಕಾಲು ಸುತ್ತು ತಿರುಗಿಸಿ ಬಿಟ್ಟ, ಅಲ್ಲೇ ನಿಂತಿತು. ಅರ್ಧ ಸುತ್ತು. ಅಲ್ಲೂ ನಿಂತಿತು.

"ಮುಗೀತಾ ಅಪ್ಪ ಮಗಳ ಸರ್ಕಸ್ಸು?" ಒಳಗಿನಿಂದ ಅಮ್ಮ.

"ಮುಗೀತು ಕಣೇ," ಅಂದ ಅಪ್ಪ.

ಚಕ್ರ ಬಿಟ್ಟಲ್ಲೇ ನಿಂತಿತ್ತು. ಆದರೂ ಇಬ್ಬರೂ, ಅದೆಲ್ಲಿ ಜಾರೀತೋ ಎಂಬಂತೆ, ಕೈಗಳನ್ನು ಅದರ ಹತ್ತಿರವೇ ಚಾಚಿಕೊಂಡು ಕೂತಿದ್ದರು.