ಉಚ್ಚಂಗೆಪ್ಪನಿಗೆ ಸಿಕ್ಕ ಕೃಪೆ

ತಗಡಿನ ಮೇಲೆ ಕಾಗೆ ನಡೆಯುತ್ತಿದೆ, ಉಗುರು ಕೆರೆಯುವ ಸದ್ದು ಈ ತುದಿಯಿಂದ ಆ ತುದಿಗೆ, ಕೆಳಗೆ ಎಲ್ಲರೂ ಕಣ್ಣು ಮುಚ್ಚಿದ್ದಾರೆ, ನಾನೊಬ್ಬಳೇ ತೆರೆದಿದ್ದೇನೆ — ಪ್ರಾರ್ಥನೆಯಲ್ಲಿ ತೆರೆಯಬಾರದು, ಗೊತ್ತು, ಇಷ್ಟು ವರ್ಷ ತೆರೆದವಳೂ ಅಲ್ಲ. ಇದು ಮುಗಿದರೆ ಸಾಕ್ಷಿ, ಮೊದಲು ನನ್ನ ಹೆಸರು. ಪಾಸ್ಟರ್ ಬಾಗಿಲಲ್ಲೇ ಹೇಳಿದ್ದಾರೆ, ಸುಂಕಮ್ಮಾರ, ಇವತ್ತು ನೀವ ಎದ್ದು ನಿಂತು ಹೇಳ್ರಿ, ನಿಮ್ಮ ಪ್ರಾರ್ಥನಿ ಕರ್ತ ಕೇಳ್ಯಾನ, ನಿಮ್ಮ ಯಜಮಾನ್ರಿಗೆ ಕೃಪೆ ಸಿಕ್ಕೈತಿ, ಸಭಿ ಮುಂದ ಒಂದು ಸ್ತೋತ್ರ ಹೇಳಬೇಕ್ರಿ. ಹೂಂ ಅಂದೆ. ಹೂಂ ಅನ್ನುವುದು ನನ್ನ ಬಾಯಿಗೆ ರೂಢಿ. ಆವತ್ತು ಗಂಡನನ್ನು ಹೊರಸಿನ ಸಮೇತ ಹಂಪಸಾಗರದ ಹಿನ್ನೀರಿಗೆ ಹೊತ್ತೊಯ್ದಾಗಲೂ ಹೂಂ ಅಂದಿದ್ದೆ, ಕುಡಿದು ಕುಡಿದು ಹೊಟ್ಟೆ ಉಬ್ಬಿ ಕಾಲು ಬಾತು ನಡೆಯಲಾರದವನು, ಹಿಡಿದು ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು, ಮೇಲೆದ್ದಾಗ ಮೀಸೆಯಿಂದ ನೀರು ಇಳಿಯುತ್ತ ಕೂಸಿನ ಹಾಗೆ ಅತ್ತ, ಪಕ್ಕದ ಮನೆಯ ಚೌಡಕ್ಕ ನನ್ನ ಕಿವಿಯಲ್ಲಿ, ನೋಡಬೇ, ಜನ್ಮದಾಗ ನೀರು ಕುಡಿದಾಂವಲ್ಲ, ಕಡೀಕ ನೀರಾಗ ಮುಳುಗಿದ ನಿಮ್ಮ ಉಚ್ಚಂಗೆಪ್ಪಣ್ಣ, ಇಬ್ಬರೂ ಸೆರಗು ಬಾಯಿಗೊತ್ತಿ ನಕ್ಕೆವು. ವಾರ ತುಂಬುವುದರೊಳಗೆ ಹೋದ. ಹೋಗುವ ಮುಂಚೆ ನನ್ನ ಕೈಯಿಂದ ಗಂಜಿ ಕುಡಿದು, ಎಲ್ಲಾ ಮಾಫ್ ಮಾಡ್ಯಾನಲೇ ಸುಂಕಿ, ಆಂವ ನನಗ ಎಲ್ಲಾ ಮಾಫ್ ಮಾಡ್ಯಾನ, ಅಂದ. ಎಲ್ಲಾ ಅಂದರೆ ಯಾವುದು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೇಡಿದವಳು ನಾನೇ. ದಿನಾ ಒಲೆ ಹೊತ್ತಿಸುವ ಮೊದಲು ಮೊಣಕಾಲೂರಿ, ಕರ್ತನೇ, ಈ ಮನುಷ್ಯನನ್ನು ರಕ್ಷಿಸು — ಹೇಳಿಕೊಟ್ಟ ಮಾತು, ಅಂಗಳ ಗುಡಿಸಿದ ಹಾಗೆ ಹೇಳುತ್ತಿದ್ದೆ, ಆಗಿಯೇ ಬಿಡುತ್ತದೆ ಎಂದು ಯಾರು ಕಂಡಿದ್ದರು. ಸುಳ್ಳಾಡಲಿಲ್ಲ, ಇನ್ನೊಬ್ಬರ ಹೊಲದ ಕಡ್ಡಿ ಮುಟ್ಟಲಿಲ್ಲ, ಅವನು ಬಡಿದು ಬಾಸುಂಡೆ ಎದ್ದ ಬೆನ್ನು ಹೊತ್ತೇ ಭಾನುವಾರ ಇಲ್ಲಿ ಬಂದು ಕೂತೆ. ಹಂಗಾದ್ರ ನಾ ನಡಕೊಂಡಿದ್ದಕ್ಕ ಏನ್ರಿ ಅಯ್ಯಾರ, ಎಂದು ಪಾಸ್ಟರನ್ನು ಒಂದು ಸಲ ಕೇಳಿದೆ, ಒಳ್ಳೆಯ ಮನುಷ್ಯ, ಮೆಲ್ಲಗೆ ಹೇಳಿದರು, ನಡತಿ ಕೊಟ್ಟು ಕೃಪೆ ಕೊಳ್ಳಾಕ ಬರಂಗಿಲ್ಲಮ್ಮ, ನಿಮಗೂ ಅದು ಪುಕ್ಕಟೆನ ಸಿಕ್ಕೈತಿ. ಇರಬಹುದು. ಅವನಿಗೆ ಸಿಕ್ಕಿದ್ದರಿಂದ ನನ್ನದೇನೂ ಕಡಿಮೆಯಾಗಲಿಲ್ಲ, ಅವನು ಬೆಂಕಿಗೆ ಬೀಳಲಿ ಎಂದೂ ನಾನು ಬಯಸಲಿಲ್ಲ, ಆದರೆ ಅಲ್ಲಿ ಮಾಳಿ ಇದ್ದಾಳೆ. ನನ್ನ ಮಗಳು ಮಾಳಿ, ಇನ್ನೂ ತೊದಲು ಮಾತಿನವಳು, ಜ್ವರದಲ್ಲಿ ಮೈ ಕೆಂಡವಾಗಿ ಕಣ್ಣು ಮೇಲಾದಾಗ ಅವನನ್ನು ಸೈಕಲ್ಲಿನಲ್ಲಿ ಹಗರಿಬೊಮ್ಮನಹಳ್ಳಿಗೆ ಔಷಧಿಗೆ ಕಳಿಸಿದೆ, ಔಷಧಿ ತಗೊಂಡನಂತೆ, ಬರುವಾಗ ಸಾರಾಯಿ ಅಂಗಡಿಯಲ್ಲಿ ಕೂತನಂತೆ, ಅವನು ಬಂದಾಗ ಶೀಸೆ ಜೇಬಿನಲ್ಲಿ ಹಾಗೇ ಇತ್ತು, ನನ್ನ ತೊಡೆಯ ಮೇಲೆ ಅವಳು ತಣ್ಣಗಾಗಿದ್ದಳು. ಸಣ್ಣ ಕೂಸುಗಳೆಲ್ಲಾ ಕರ್ತನ ಹತ್ರ ಅದಾವಮ್ಮ, ನೀವು ಹೋದ್ರ ಸಿಗ್ತಾಳ — ಆಗ ಪಾಸ್ಟರ್ ಅಂದ ಆ ಒಂದು ಮಾತಿಗೇ ನಾನು ಈ ತಗಡಿನ ಕೆಳಗೆ ಬಂದವಳು, ಅವಳ ಹತ್ತಿರ ಹೋಗುವ ದಾರಿ ತಪ್ಪಬಾರದೆಂದು ಹೆಜ್ಜೆ ನೋಡಿ ನೋಡಿ ಇಟ್ಟವಳು. ಈಗ ಅವನು ಮೊದಲು ಹೋಗಿ ಮುಟ್ಟಿದ್ದಾನೆ. ಅಪ್ಪ ಅಂದರೆ ಪ್ರಾಣ ಅವಳಿಗೆ, ಕುಡಿದು ಬಂದರೂ ಅಷ್ಟೇ, ಸೈಕಲ್ ಗಂಟೆ ಕೇಳಿದರೆ ಹೊಸ್ತಿಲ ಮೇಲೆ ನಿಂತು ಎರಡೂ ಕೈ ಮೇಲೆತ್ತುತ್ತಿದ್ದಳು, ಎತ್ತಿಕೋ ಎಂದು. ಸುಂಕಮ್ಮಾರ, ಏಳ್ರಿ, ಪಾಸ್ಟರ್ ದನಿ. ಚೌಡಕ್ಕನ ಮೊಣಕೈ ಪಕ್ಕೆಗೆ, ಏಳಬೇ, ಎರಡು ಮಾತು ಹೇಳಿ ಕುಂದ್ರು, ಅನ್ನ ಆರತೈತಿ. ಎದ್ದೆ. ಎಲ್ಲರ ಮುಖ ಈ ಕಡೆ, ಕರ್ತನೇ ನಿನಗೆ ಸ್ತೋತ್ರ, ಇಷ್ಟೇ, ಕರ್ತನೇ ನಿನಗೆ — ಅಲ್ಲಿ ಅವನು ಮಾಳಿಯ ಕಡೆ ಬಗ್ಗುತ್ತಿದ್ದಾನೆ, ಮೀಸೆಯಿಂದ ಇನ್ನೂ ನೀರು ಇಳಿಯುತ್ತಿದೆ — ಕರ್ತನೇ — ಅವಳಿಗೆ ಏನೂ ಗೊತ್ತಿಲ್ಲ, ಕೈ ಎತ್ತಿದ್ದಾಳೆ, ಎರಡೂ ಕೈ, ಎರಡೂ ಕೈ —